ರಾಜೀನಾಮೆಗೆ ಮಾತ್ರ ಕಾಗದ ಸಿಕ್ಕಿತು

2022ರ ಮಾರ್ಚ್‌ನಲ್ಲಿ ಶ್ರೀಲಂಕಾದ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆ ನಿಂತುಹೋಯಿತು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ಇಲ್ಲ, ಕಾಗದ ತರಿಸಲು ಡಾಲರ್ ಇಲ್ಲ. ಆದರೆ ಏಪ್ರಿಲ್ 3ರ ರಾತ್ರಿ 26 ಮಂತ್ರಿಗಳು ಒಟ್ಟಿಗೆ ರಾಜೀನಾಮೆ ಪತ್ರ ಬರೆದರು. ಅದಕ್ಕೆ ಮಾತ್ರ ಕಾಗದ ಎಲ್ಲಿಂದ ಬಂತೋ!

ಕುರ್ಚಿ ಬಿಡದೆ ಉಳಿದವರು ಅಧ್ಯಕ್ಷ ಗೊಟಬಯ ರಾಜಪಕ್ಸ ಮತ್ತು ಅವರ ಅಣ್ಣ, ಪ್ರಧಾನಿ ಮಹಿಂದ ರಾಜಪಕ್ಸ. ಅಲ್ಲಿಯವರೆಗೆ ಹಣಕಾಸು ಖಾತೆ ತಮ್ಮ ಬೇಸಿಲ್ ಹತ್ತಿರ, ನೀರಾವರಿ ದೊಡ್ಡಣ್ಣ ಚಮಲ್ ಹತ್ತಿರ, ಕ್ರೀಡೆ ಮಹಿಂದರ ಮಗ ನಮಲ್ ಹತ್ತಿರ ಇತ್ತು. ಸಂಪುಟ ಸಭೆ ಕರೆದರೂ ಒಂದೇ, ಹಬ್ಬದೂಟಕ್ಕೆ ಎಲೆ ಹಾಕಿದರೂ ಒಂದೇ.

ಮರುದಿನ ಅಲಿ ಸಬ್ರಿ ಹೊಸ ಹಣಕಾಸು ಮಂತ್ರಿಯಾದರು. ಅದರ ಮರುದಿನ ರಾಜೀನಾಮೆ ಕೊಟ್ಟರು. ಆ ಖಾತೆ ಹೊರಲು ಬೇರೆ ಯಾರೂ ಮುಂದೆ ಬರಲಿಲ್ಲವೆಂದು ಮತ್ತೆ ಅವರೇ ಮುಂದುವರಿದರು. ಮಂತ್ರಿಗಿರಿ ಬೇಡ ಅನ್ನುವ ರಾಜಕಾರಣಿಗಳನ್ನು ನೋಡಬೇಕಾದರೆ ದೇಶದ ಖಜಾನೆ ಪೂರ್ತಿ ಖಾಲಿಯಾಗಬೇಕು, ಅಷ್ಟೇ. ಏಪ್ರಿಲ್ 12ಕ್ಕೆ ಅದೂ ಆಯಿತು. ಸುಮಾರು 5,100 ಕೋಟಿ ಡಾಲರ್ ವಿದೇಶಿ ಸಾಲದ ಕಂತು ಸದ್ಯಕ್ಕೆ ಕಟ್ಟಲಾಗದು ಎಂದು ಸರ್ಕಾರ ಕೈ ಚೆಲ್ಲಿತು.

ಕೊರೋನಾ ಕಾರಣ, ಉಕ್ರೇನ್ ಯುದ್ಧ ಕಾರಣ ಅಂದರು. ಪೂರ್ತಿ ಸುಳ್ಳೇನಲ್ಲ. ಆದರೆ ಅವೆರಡೂ ಬರುವ ಮುಂಚೆಯೇ, 2019ರ ಕೊನೆಯಲ್ಲಿ, ಗೊಟಬಯ ಚುನಾವಣೆ ಗೆದ್ದ ಖುಷಿಯಲ್ಲಿ ವ್ಯಾಟ್ ಅನ್ನು ಶೇ. 15ರಿಂದ 8ಕ್ಕೆ ಇಳಿಸಿದ್ದು ಯಾವ ವೈರಸ್ಸು? 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಲ್ಲಿಸಿದರು. ಬಾಯಲ್ಲಿ ಹೇಳಿದ್ದು ಸಾವಯವ ಕೃಷಿ, ಮನಸ್ಸಿನಲ್ಲಿದ್ದದ್ದು ಡಾಲರ್ ಉಳಿತಾಯ. ಭತ್ತದ ಇಳುವರಿ ನೆಲ ಕಚ್ಚಿತು. ಆಮೇಲೆ ಅದೇ ಡಾಲರ್ ಕೊಟ್ಟು ಅಕ್ಕಿ ತರಿಸಿದರು. 2022ರ ಜೂನ್ ಹೊತ್ತಿಗೆ ಸರ್ಕಾರಿ ನೌಕರರಿಗೆ ಶುಕ್ರವಾರ ರಜೆ ಕೊಟ್ಟು, ಮನೆ ಹಿತ್ತಲಲ್ಲಿ ತರಕಾರಿ ಬೆಳೆಯಿರಿ ಎಂದರು. ಕಚೇರಿಯಲ್ಲಿ ಮಾಡಲು ಕೆಲಸವೇ ಇಲ್ಲ ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಸರ್ಕಾರ ಅಪರೂಪ ಅಲ್ವಾ?

ಸರ್ಕಾರ ಅಲುಗಾಡಿದರೆ ಶಾಸಕರು ಬಸ್ ಹತ್ತಿ ರೆಸಾರ್ಟ್‌ಗೆ ಹೋಗುವುದನ್ನು ನೋಡಿದವರು ನಾವು. ಕೊಲಂಬೊದಲ್ಲಿ ಬಸ್ಸಿಗೇ ಡೀಸೆಲ್ ಇರಲಿಲ್ಲ. ಮೇ 9ರಂದು ರಾಜೀನಾಮೆ ಕೊಟ್ಟ ಮಹಿಂದ ಟ್ರಿಂಕೋಮಲಿಯ ನೌಕಾನೆಲೆ ಸೇರಿದರು. ತಮ್ಮ ಗೊಟಬಯ ಮಾತ್ರ ಜಗ್ಗಲಿಲ್ಲ. ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು. ಈಜುಕೊಳದಲ್ಲಿ ಈಜಿದರು, ಮಂಚದ ಮೇಲೆ ಮಲಗಿ ಸೆಲ್ಫಿ ತೆಗೆದರು. ಒಳಗೆ ಸಿಕ್ಕ ಸುಮಾರು 1.78 ಕೋಟಿ ಶ್ರೀಲಂಕಾ ರೂಪಾಯಿ ನಗದನ್ನು ಎಣಿಸಿ ಪೊಲೀಸರಿಗೆ ಒಪ್ಪಿಸಿದರು. ಆ ಮನೆಯಲ್ಲಿ ಸರ್ಕಾರದ ದುಡ್ಡಿಗೋ ಮನೆಯ ದುಡ್ಡಿಗೋ ಸರಿಯಾಗಿ ಲೆಕ್ಕ ಕೊಟ್ಟವರು ಬಹುಶಃ ಅವರೇ ಮೊದಲು.

ಜುಲೈ 13ರ ನಸುಕಿನಲ್ಲಿ ಗೊಟಬಯ ಸೇನಾ ವಿಮಾನದಲ್ಲಿ ಮಾಲ್ಡೀವ್ಸ್‌ಗೆ ಹಾರಿದರು, ಅಲ್ಲಿಂದ ಸಿಂಗಾಪುರಕ್ಕೆ. ರಾಜೀನಾಮೆಯನ್ನು ಸ್ಪೀಕರ್‌ಗೆ ಇಮೇಲ್‌ನಲ್ಲಿ ಕಳಿಸಿದರು. ಕಾಗದ ಉಳಿಸಲು ಅವರು ಕೈಗೊಂಡ ಏಕೈಕ ಕ್ರಮ ಇದೇ ಇರಬೇಕು.

ಇನ್ನು ರನಿಲ್ ವಿಕ್ರಮಸಿಂಘೆ. 2020ರ ಚುನಾವಣೆಯಲ್ಲಿ ಸ್ವಂತ ಕ್ಷೇತ್ರದಲ್ಲೂ ಸೋತರು. ಅವರ ಪಕ್ಷಕ್ಕೆ ಒಂದು ಜಿಲ್ಲೆಯೂ ಒಲಿಯಲಿಲ್ಲ, ದೇಶದ ಒಟ್ಟು ಮತದ ಲೆಕ್ಕದಲ್ಲಿ ಸಿಕ್ಕಿದ್ದು ಒಂದೇ ಒಂದು ಸೀಟು. ಆ ಸೀಟಿನಲ್ಲಿ ಕೂತ ಇವರು ಮಹಿಂದ ಬಿಟ್ಟ ಜಾಗಕ್ಕೆ ಆರನೇ ಸಲ ಪ್ರಧಾನಿಯಾಗಿ, ಎರಡು ತಿಂಗಳಲ್ಲಿ ಅಧ್ಯಕ್ಷರೂ ಆದರು. ಜುಲೈ 20ರಂದು ಸಂಸತ್ತಿನಲ್ಲಿ ಅವರಿಗೆ 134 ಮತ ಹಾಕಿದವರಲ್ಲಿ ಹೆಚ್ಚಿನವರು ರಾಜಪಕ್ಸರ ಪಕ್ಷದವರೇ. ಜನ ಮೂರು ತಿಂಗಳು ಬೀದಿಯಲ್ಲಿ ಮಲಗಿ ಓಡಿಸಿದ್ದನ್ನು ಸಂಸದರು ಒಂದು ಬೆಳಗ್ಗೆ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡರು. ಸೆಪ್ಟೆಂಬರ್‌ನಲ್ಲಿ ಗೊಟಬಯ ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲಿ ಮಂತ್ರಿಗಳೇ ಮಾಲೆ ಹಿಡಿದು ಕಾದಿದ್ದರು.

ಇಷ್ಟಾದ ಮೇಲೆ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಈ ಆರ್ಥಿಕ ಅನಾಹುತಕ್ಕೆ ರಾಜಪಕ್ಸ ಸಹೋದರರೂ ಹೊಣೆ ಎಂದು ತೀರ್ಪು ಕೊಟ್ಟಿತು. ಶಿಕ್ಷೆ? ಕೇಸು ಹಾಕಿದ ಅರ್ಜಿದಾರರಿಗೆ ಒಬ್ಬೊಬ್ಬರಿಗೆ 1.5 ಲಕ್ಷ ರೂಪಾಯಿ ಕೋರ್ಟು ಖರ್ಚು.