ಹುಡುಗನಿಗೆ ಬೈಯುವ ಮೊದಲು ಕಾರ್ಡಿನ ಬಿಸಿ ನೋಡಿ

ಕಳೆದ ತಿಂಗಳು ಅಣ್ಣನ ಮನೆಯಲ್ಲಿ ವಾರವಿಡೀ ಒಂದೇ ಮಾತು. "ರಾತ್ರಿಯೆಲ್ಲ ಗೇಮ್ ಆಡಿ ಆಡಿ ಕಂಪ್ಯೂಟರ್ ಸುಟ್ಟುಹಾಕಿದ." ಅಣ್ಣನ ಮಗ ಊಟಕ್ಕೆ ಕೂತರೂ ಅದೇ, ಕಾಫಿಗೆ ಕೂತರೂ ಅದೇ. ಅವನು ಎದುರು ಮಾತಾಡಲಿಲ್ಲ. ತಾನೇ ಹಾಳು ಮಾಡಿದೆ ಅಂತ ಅವನೂ ನಂಬಿಬಿಟ್ಟಿದ್ದ. ನನಗೆ ತುಂಬಾ ಬೇಜಾರಾಗಿದ್ದು ಅದಕ್ಕೇ. ಇಂಥ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತಿರುತ್ತದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಕಂಪ್ಯೂಟರಿನಲ್ಲಿರುವುದು ಜಿಟಿಎಕ್ಸ್ 1660 ಸೂಪರ್, 2019ರ ಕೊನೆಗೆ ಬಂದ ಗ್ರಾಫಿಕ್ಸ್ ಕಾರ್ಡ್, ಅಂದರೆ ಗೇಮಿನ ಚಿತ್ರವನ್ನು ಪರದೆಗೆ ಮೂಡಿಸುವ ಭಾಗ. ಸೆಕೆಂಡ್ ಹ್ಯಾಂಡ್. ಎರಡು ಕೊಯ್ಲಿನ ಕಾಲದಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ರಾತ್ರಿ ಅಡಿಕೆ ಸುಲಿದು, ಆ ದುಡ್ಡು ಕೂಡಿಟ್ಟು ಅವನು ತಗೊಂಡಿದ್ದು. ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಫ್ಯಾನುಗಳು ಕಿರುಚಿಕೊಳ್ಳುತ್ತಿದ್ದವು, ಚಿತ್ರ ತಡೆತಡೆದು ಬರುತ್ತಿತ್ತು, ಒಂದೆರಡು ಸಲ ಪರದೆಯೇ ಕಪ್ಪಾಯಿತು. ಶಿವಮೊಗ್ಗದ ಒಂದು ಅಂಗಡಿಗೆ ತೋರಿಸಿದರೆ, ಬಿಚ್ಚಿಯೂ ನೋಡದೆ "ಕಾರ್ಡ್ ಹೋಗಿದೆ, ಹೊಸದು ಹಾಕಿಸಿ" ಅಂದರಂತೆ. ಹೊಸದು ಅಂದರೆ ಇಪ್ಪತ್ತು ಸಾವಿರದ ಮೇಲೆ.

ನಾನು ಹೋದ ದಿನ ಪುನರ್ವಸು ಮಳೆ ಜಡಿದು ಹೊಡೆಯುತ್ತಿತ್ತು. ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಅಳತೆ ತೆಗೆಯೋಣ ಅಂದೆ. ವಿಂಡೋಸ್ 10 ಅಥವಾ 11 ಇದ್ದರೆ ಅದರ ಜೊತೆಗೇ ಬರುವ ಟಾಸ್ಕ್ ಮ್ಯಾನೇಜರಿನಲ್ಲೇ ಕಾರ್ಡಿನ ಬಿಸಿ ಕಾಣುತ್ತದೆ. ಇನ್ನೂ ವಿವರ ಬೇಕಾದರೆ ಜಿಪಿಯು-ಜೆಡ್ ಅಥವಾ ಎಚ್‌ಡಬ್ಲ್ಯೂ ಇನ್ಫೋ, ಎರಡೂ ಪುಕ್ಕಟೆ ಸಿಗುವ ಪ್ರೋಗ್ರಾಂಗಳು. ಗೇಮ್ ಹಾಕಿ ಆರೇ ನಿಮಿಷಕ್ಕೆ 88 ಡಿಗ್ರಿ. ಈ ಕಾರ್ಡಿಗೆ ಕಂಪನಿ ಹೇಳಿರುವ ಗರಿಷ್ಠ ಮಿತಿಯೂ 88. ಅಲ್ಲಿಗೆ ಮುಟ್ಟಿದ್ದೇ ಅದು ತನ್ನ ವೇಗ ತಾನೇ ಇಳಿಸಿಕೊಂಡಿತು. 1785 ಮೆಗಾಹರ್ಟ್ಸ್ ಆಸುಪಾಸು ಓಡಬೇಕಾದ್ದು 1400ಕ್ಕೆ ಬಂತು. ಚಿತ್ರ ತಡೆದು ಬರುತ್ತಿದ್ದದ್ದು ಇದಕ್ಕೇ. ಕಾರ್ಡ್ ಸಾಯುತ್ತಿರಲಿಲ್ಲ, ಜೀವ ಉಳಿಸಿಕೊಳ್ಳುತ್ತಿತ್ತು.

ಒಂದು ವಿಷಯ ಗಮನಿಸಿ. ಆ ದಿನ ಕೋಣೆಯಲ್ಲಿ 23 ಡಿಗ್ರಿ. ಕಂಬಳಿ ಹೊದ್ದು ಕೂತಿದ್ದೆವು. ಏಪ್ರಿಲ್ ಬಿಸಿಲಿನಲ್ಲಿ 88 ಬಂದರೆ ಸೆಖೆ ಮೇಲೆ ಹಾಕಬಹುದು. ಆಷಾಢದ ಥಂಡಿಯಲ್ಲಿ ಬಂದರೆ ಬಿಸಿ ಸರಿಯಾಗಿ ಹೊರಗೆ ಹೋಗುತ್ತಿಲ್ಲ ಅಂತಲೇ ಅರ್ಥ. ಈ ಕಾರ್ಡ್ ಪೂರ್ತಿ ದುಡಿದರೆ 125 ವ್ಯಾಟ್ ಕರೆಂಟ್ ಎಳೆಯುತ್ತದೆ. ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಗಾಳಿ ಆಡದಿದ್ದರೆ ಎಲ್ಲಿಗೆ ಹೋಗುತ್ತೆ ಹೇಳಿ?

ಎರಡನೇ ಪರೀಕ್ಷೆಗೆ ಖರ್ಚೇ ಇಲ್ಲ. ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಪೆಟ್ಟಿಗೆಯ, ಪಕ್ಕದ ಬಾಗಿಲು ತೆಗೆದು ಅದೇ ಗೇಮ್ ಮತ್ತೆ ಹಾಕುವುದು. 81ಕ್ಕೆ ಇಳಿಯಿತು. ಅಲ್ಲಿಗೆ ತಪ್ಪಿನಲ್ಲಿ ಒಂದು ಪಾಲು ಕ್ಯಾಬಿನೆಟ್ಟಿನದು ಅಂತಾಯಿತು. ಅದನ್ನು ಇಟ್ಟಿದ್ದಾದರೂ ಎಲ್ಲಿ? ಹಳೇ ಮರದ ಕಪಾಟಿನೊಳಗೆ. ಮೂರು ಕಡೆ ಹಲಗೆ, ಮೇಲೆ ಅತ್ತಿಗೆ ಕೈಯಾರೆ ಹಾಕಿದ ಕಸೂತಿ ಬಟ್ಟೆ. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೂ ಬೂಸ್ಟು ಬರುತ್ತದೆ, ಬೆಲೆಬಾಳುವ ಸಾಮಾನಿಗೆ ಥಂಡಿ ತಾಗಬಾರದು ಅಂತ ಅವರು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದರು. ಓಡುತ್ತಿರುವ ಕಂಪ್ಯೂಟರಿಗೆ ಥಂಡಿಯ ಭಯ ಅಷ್ಟಿಲ್ಲ. ಅದರ ಬಿಸಿಗೇ ಒಳಗೆ ಒಣಗಿರುತ್ತದೆ. ತಿಂಗಳುಗಟ್ಟಲೆ ಆಫ್ ಮಾಡಿ ಮೂಲೆಗಿಟ್ಟರೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಹಚ್ಚಿಡುವುದು ನನ್ನ ರೂಢಿ.

ಆಮೇಲೆ ಪ್ಲಗ್ ತೆಗೆದು, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ ಅಂತ ಕಬ್ಬಿಣದ ಕಿಟಕಿ ಸರಳು ಒಮ್ಮೆ ಮುಟ್ಟಿ, ಕಾರ್ಡ್ ಹೊರಗೆ ತೆಗೆದೆವು. ಫ್ಯಾನುಗಳ ಹಿಂದೆ ಅಲ್ಯೂಮಿನಿಯಮ್ಮಿನ ತೆಳು ತಗಡುಗಳು ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿರುತ್ತವೆ. ಅವುಗಳ ಮಧ್ಯೆ ಬೆಳಕು ಕಾಣಬೇಕು. ಕಾಣಲಿಲ್ಲ. ಮೊಬೈಲ್ ಟಾರ್ಚ್ ಬಿಟ್ಟರೆ ಕಂಬಳಿ ತುಂಡಿನಂಥ ಒಂದು ಪದರ. ಉಗುರಿನಿಂದ ಎತ್ತಿದೆ, ಇಡಿಯಾಗಿ ಎದ್ದು ಬಂತು. ಒಣ ದೂಳಲ್ಲ, ಜಿಡ್ಡು ಜಿಡ್ಡು, ಕಪ್ಪು. ಅತ್ತಿಗೆ ಅದನ್ನು ಬೆರಳಲ್ಲಿ ಹೊಸಕಿ, ಮೂಸಿ ನೋಡಿ, "ಇದು ನಮ್ಮನೆ ಇಲ್ಲಣ ಅಲ್ವಾ" ಅಂದರು.

ಹೌದು, ಇಲ್ಲಣವೇ. ಬಚ್ಚಲು ಒಲೆಯ ಹೊಗೆ, ಅಡಿಕೆ ಬೇಯಿಸಿದ ಒಲೆಯ ಹೊಗೆ, ಜಗಲಿಯಲ್ಲಿ ಸುಲಿಯುವಾಗ ಹಾರುವ ಸಿಪ್ಪೆಯ ನಾರು, ಮಳೆಗಾಲದ ಪಸೆ. ಎಲ್ಲ ಸೇರಿ ಹೆಪ್ಪುಗಟ್ಟಿತ್ತು. ಅದನ್ನು ನೋಡಿದ ಮೇಲೆ ಮನೆಯಲ್ಲಿ ಯಾರೂ ಹುಡುಗನ ಹೆಸರೆತ್ತಲಿಲ್ಲ.

ಕ್ಲೀನ್ ಮಾಡುವವರಿಗೆ ಎರಡು ಮಾತು. ಗಾಳಿ ಊದುವಾಗ ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಮನಸೋ ಇಚ್ಛೆ ತಿರುಗಿದರೆ ಬೇರಿಂಗ್ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಜಿಡ್ಡಿಗೆ ಮೆತ್ತನೆ ಬ್ರಷ್ಷು, ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು.

ಮತ್ತೆ ಅಳೆದಾಗ 77. ಆದರೂ ನನಗೆ ಸಮಾಧಾನ ಆಗಲಿಲ್ಲ. ಎಚ್‌ಡಬ್ಲ್ಯೂ ಇನ್ಫೋದಲ್ಲಿ ಹಾಟ್ ಸ್ಪಾಟ್ ಅಂತ ಇನ್ನೊಂದು ಅಂಕಿ ಬರುತ್ತದೆ, ಕಾರ್ಡಿನ ಮುಖ್ಯ ಚಿಪ್ಪಿನಲ್ಲಿ ಅತಿ ಬಿಸಿಯಾದ ಜಾಗದ್ದು. ಅದಕ್ಕೂ ಮಾಮೂಲಿ ಅಂಕಿಗೂ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ ಇದ್ದರೆ ಸರಿ. ಇಲ್ಲಿ 26 ಇತ್ತು. ಚಿಪ್ಪಿಗೂ ಅದರ ಮೇಲಿನ ತಗಡಿಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ ಅಂತ ಅನ್ನಿಸಿತು. ಬಿಚ್ಚಿದರೆ ಗೋಡೆ ಸುಣ್ಣದ ಹಾಗೆ ಪುಡಿ ಪುಡಿ. ಹಳೆಯದನ್ನು ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಮೆಮೊರಿ ಚಿಪ್ಪುಗಳ ಮೇಲೆ ಮೆತ್ತನೆ ಪ್ಯಾಡುಗಳಿರುತ್ತವೆ. ಅವು ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಬೇಕು. ಆ ಜಾಗಕ್ಕೆ ಪೇಸ್ಟ್ ಹಚ್ಚಿ ಸುಮ್ನೆ ಮುಚ್ಚಿದರೆ ಸಂದು ಉಳಿದು ಮೆಮೊರಿ ಬೇಯುತ್ತದೆ. ವಾರಂಟಿ ಇದ್ದವರು ಇಷ್ಟು ದೂರ ಹೋಗಬೇಡಿ, ಮೊದಲು ಅದರ ಷರತ್ತು ಓದಿ.

ಕೊನೆಗೆ ಗೇಮಿನ ಸೆಟ್ಟಿಂಗ್ಸ್. ಅವನ ಮಾನಿಟರ್ 60 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಮಾತ್ರ ತೋರಿಸುವಂಥದ್ದು. ಕಾರ್ಡ್ ಸೆಕೆಂಡಿಗೆ 130 ಫ್ರೇಮ್ ಎಳೆಯುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಕಣ್ಣಿಗೇ ಬೀಳದ ದುಡಿಮೆ. 60ಕ್ಕೆ ಮಿತಿ ಹಾಕಿದೆವು. ಕ್ಯಾಬಿನೆಟ್ಟನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ, ಇರಚಲು ಹೊಡೆಯದ ಗೋಡೆ ಕಡೆ ಇಟ್ಟೆವು. ಮುಂದಿನಿಂದ ಗಾಳಿ ಒಳಗೆ, ಹಿಂದಿನಿಂದ ಹೊರಗೆ. ಒಂದು ಗಂಟೆ ಆಡಿದ. 68. ಪರದೆ ಕಪ್ಪಾಗಲಿಲ್ಲ, ಆಮೇಲೂ ಆಗಿಲ್ಲ. ಪೇಸ್ಟು, ಆಲ್ಕೋಹಾಲು ಸೇರಿ ಖರ್ಚಾಗಿದ್ದು 600 ರೂಪಾಯಿ ಒಳಗೆ.

ಬಿಸಿ ಸರಿ ಇದ್ದೂ ಪರದೆ ಕಪ್ಪಾಗುತ್ತಿದ್ದರೆ ಪವರ್ ಸಪ್ಲೈ, ಮನೆಯ ವೋಲ್ಟೇಜ್ ನೋಡಬೇಕು. ಆ ಕಥೆ ಬೇರೆ. ಗೇಮ್ ಇಲ್ಲದಾಗ ಫ್ಯಾನ್ ನಿಂತಿದೆ ಅಂತ ಗಾಬರಿಯಾಗಬೇಡಿ. ತಣ್ಣಗಿರುವಾಗ ಫ್ಯಾನ್ ನಿಲ್ಲಿಸುವ ಕಾರ್ಡುಗಳು ಬೇಕಾದಷ್ಟಿವೆ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಗೇಮ್ ಆಡುವುದೇ ಈ ಕಾರ್ಡಿನ ಕೆಲಸ. ಗದ್ದೆ ಉತ್ತಿದ್ದಕ್ಕೆ ಟಿಲ್ಲರ್ ಹಾಳಾಯಿತು ಅಂತ ಯಾರಾದರೂ ಹೇಳುತ್ತಾರಾ? ರಾತ್ರಿ ಎಷ್ಟು ಹೊತ್ತು ಆಡಬೇಕು ಅನ್ನುವುದು ಓದಿನ, ನಿದ್ದೆಯ ಪ್ರಶ್ನೆ. ಅದಕ್ಕೆ ಬೈಯುವುದಿದ್ದರೆ ಬೈಯಿರಿ. ಮಾಡದ ತಪ್ಪನ್ನು ಹುಡುಗನ ತಲೆಗೆ ಕಟ್ಟಬೇಡಿ. ರಿಪೇರಿ ಮಾಡುವವರಲ್ಲೂ ಒಂದು ಕೇಳಿಕೆ. "ಹೋಗಿದೆ" ಅನ್ನುವ ಮೊದಲು ಗಿರಾಕಿಯ ಎದುರಿಗೆ ಹತ್ತು ನಿಮಿಷ ಓಡಿಸಿ, ಬಿಸಿ ಎಷ್ಟು ಅಂತ ತೋರಿಸಿ. ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಅದು.

ಅಣ್ಣನಿಗೆ ಇದು ಬೇಗ ಅರ್ಥವಾಯಿತು. ಎಷ್ಟೋ ತೋಟದವರ ಹಾಗೆ ಅವನೂ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟವನು. ಬೆಳಿಗ್ಗೆ ಎದ್ದು ಮಿಲಿಮೀಟರ್ ಲೆಕ್ಕ ಡೈರಿಗೆ ಬರೆಯದೆ ಕಾಫಿ ಕುಡಿಯುವುದಿಲ್ಲ. "ಜೋರು ಮಳೆ" ಅಂತ ಯಾರಾದರೂ ಅಂದರೆ "ಎಷ್ಟು ಬಂತು ಹೇಳು" ಅಂತಲೇ ಕೇಳುತ್ತಾನೆ. ಮೊನ್ನೆ ಹುಡುಗನಿಗೆ ಫೋನ್ ಮಾಡಿದಾಗ ಹಿಂದೆ ಅಣ್ಣನ ದನಿ ಕೇಳಿಸಿತು. "ಎಷ್ಟಿದ್ಯೋ ಇವತ್ತು?"

"69, ಅಪ್ಪಯ್ಯ."