ಕೆಂಪು ಪಾಂಡಾ ಅಲ್ಲೇ ಇರಲಿ, ನಮಗೆ ಕಾಡುಪಾಪ ಇದೆ

ನಾನು ಒಂಬತ್ತು ವರ್ಷದಿಂದ ಡಾರ್ಜಿಲಿಂಗ್‌ನಲ್ಲಿದ್ದೇನೆ. ಬ್ಯಾಂಕ್ ಕೆಲಸ. ಮೇ ತಿಂಗಳಲ್ಲಿ ಊರಿಗೆ ಬರುತ್ತೇನೆ. ಈ ಸಲ ಜಯನಗರದ ಮನೆಯಲ್ಲಿ ಅಕ್ಕನ ಮಗಳು ನನ್ನ ಮೊಬೈಲ್‌ನಲ್ಲಿ ಕೆಂಪು ಪಾಂಡಾದ ಫೋಟೋ ನೋಡಿದಳು. "ಮಾಮಾ, ಇದನ್ನ ನಮ್ಮ ಬನ್ನೇರುಘಟ್ಟಕ್ಕೂ ತರಿಸಬಹುದಲ್ವಾ?" ಅಂತ ಕೇಳಿದಳು. "ಒಂದು ಎಸಿ ರೂಮ್ ಕಟ್ಟಿಸಿದ್ರೆ ಆಯ್ತು" ಅಂದರು ಭಾವ.

ತರಿಸಬಾರದು ಅಂತ ನನ್ನ ಅನಿಸಿಕೆ. ಆ ಪ್ರಾಣಿಯನ್ನು ನಾನು ಚಳಿಗಾಲದ ಬೆಳಗ್ಗೆ, ಮಂಜಿನ ನಡುವೆ ನೋಡಿದ್ದೇನೆ. ಕೊಂಬೆಯ ಮೇಲೆ ಮುದುಡಿ ಮಲಗಿ, ಬಾಲವನ್ನೇ ಶಾಲಿನಂತೆ ಮೂಗಿನ ತನಕ ಹೊದ್ದುಕೊಂಡಿತ್ತು. ಅಂಗಾಲಿನಲ್ಲೂ ಕೂದಲು. ಎದ್ದ ಮೇಲೆ ಬಿದಿರಿನ ಕಡ್ಡಿಯನ್ನು ಒಂದೇ ಕೈಯಲ್ಲಿ ಹಿಡಿದು, ಎಲೆಗಳನ್ನು ಒಂದೊಂದಾಗಿ ಬಾಯಿಯ ಪಕ್ಕದಿಂದ ಕಚ್ಚಿ ತಿಂದಿತು. ಹಾಗೆ ಹಿಡಿಯೋಕೆ ಅದರ ಮಣಿಕಟ್ಟಿನ ಒಂದು ಮೂಳೆಯೇ ಬೆಳೆದು ಹೆಬ್ಬೆರಳಿನ ಕೆಲಸ ಮಾಡುತ್ತದೆ. ಮರದಿಂದ ಇಳಿಯುವಾಗ ತಲೆ ಕೆಳಗೆ ಮಾಡಿಕೊಂಡೇ ಇಳಿಯಿತು.

ಇದು ಕರಡಿಯೂ ಅಲ್ಲ, ಬೆಕ್ಕೂ ಅಲ್ಲ. ಅದರ ಕುಟುಂಬದಲ್ಲಿ ಈಗ ಉಳಿದಿರುವುದು ಅದೊಂದೇ. 1825ರಲ್ಲೇ ಫ್ರಾನ್ಸಿನ ಫ್ರೆಡೆರಿಕ್ ಕ್ಯುವಿಯೆ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಕಪ್ಪು ಬಿಳುಪಿನ ದೊಡ್ಡ ಪಾಂಡಾ ವಿಜ್ಞಾನಿಗಳಿಗೆ ಗೊತ್ತಾಗಿದ್ದು 1869ರಲ್ಲಿ. ಪಾಂಡಾ ಅನ್ನೋ ಹೆಸರು ಮೊದಲು ಇದರದ್ದೇ. ನೇಪಾಳಿ ಮಾತಾಡುವವರು ಹಾಬ್ರೆ ಅನ್ನುತ್ತಾರೆ.

ಊಟ ಹೆಚ್ಚೂಕಡಿಮೆ ಪೂರ್ತಿ ಬಿದಿರು. ಆದರೆ ಹೊಟ್ಟೆ ಮಾತ್ರ ಮಾಂಸಾಹಾರಿಗಳ ಹೊಟ್ಟೆ. ತಿಂದದ್ದರಲ್ಲಿ ಸುಮಾರು ಕಾಲು ಭಾಗ ಮೈಗೆ ಹತ್ತುತ್ತದೆ. ಅದಕ್ಕೇ ದಿನದಲ್ಲಿ ಹೆಚ್ಚು ಹೊತ್ತು ತಿನ್ನೋದು, ಉಳಿದ ಹೊತ್ತು ಸುಮ್ನೆ ಮಲಗಿ ಶಕ್ತಿ ಉಳಿಸೋದು. ಸೆಕೆ 25 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ನಾನು ಬಂದಿಳಿದ ದಿನ ಇಲ್ಲಿ 34 ಇತ್ತು. ಎಸಿ ಹಾಕಬಹುದು ನಿಜ, ಆದರೆ ನಾಲ್ಕು ಗೋಡೆ ಮಧ್ಯೆ ಕೂತ ಪ್ರಾಣಿಗೆ ಮಂಜು, ಪಾಚಿ ಹಿಡಿದ ಮರ ಯಾರು ತಂದುಕೊಡುತ್ತಾರೆ?

ಡಾರ್ಜಿಲಿಂಗ್‌ನವರ ರೀತಿ ನನಗೆ ಹಿಡಿಸಿದ್ದು ಇಲ್ಲೇ. ಅಲ್ಲಿನ ಪದ್ಮಜಾ ನಾಯ್ಡು ಮೃಗಾಲಯ 1958ರದ್ದು, ಸುಮಾರು 7,000 ಅಡಿ ಎತ್ತರದಲ್ಲಿದೆ. ತಮ್ಮ ಬೆಟ್ಟದ ಪ್ರಾಣಿಗಳೇ ಅವರಿಗೆ ಮುಖ್ಯ. ಮರಿ ಮಾಡಿಸುವ ಜಾಗ ಬೇರೆ, ಅಲ್ಲಿಗೆ ನಮ್ಮಂಥ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಯಾವ ಹೆಣ್ಣಿಗೆ ಯಾವ ಗಂಡು ಅಂತ ತೀರ್ಮಾನಿಸೋದು ನಾವು ಮದುವೆಗೆ ಗೋತ್ರ ನೋಡೋ ಹಾಗೆ. ಅದಕ್ಕಾಗಿ ಜಗತ್ತಿನ ಮೃಗಾಲಯಗಳ ಕೆಂಪು ಪಾಂಡಾಗಳ ವಂಶಾವಳಿಯನ್ನು ರಾಟರ್‌ಡ್ಯಾಮ್‌ನಲ್ಲಿ ಬರೆದಿಡುತ್ತಾರೆ. 2003ರಲ್ಲಿ ಅಲ್ಲೇ ಬೆಳೆದ ಸ್ವೀಟಿ, ಮಿನಿ ಅನ್ನೋ ಎರಡು ಹೆಣ್ಣುಗಳನ್ನು ಸಿಂಗಲೀಲಾ ಕಾಡಿಗೆ ಬಿಟ್ಟರು. ಮೃಗಾಲಯ ಅಂದರೆ ಕಾಡಿಗೆ ವಾಪಸ್ ಕಳಿಸೋ ದಾರಿಯೂ ಹೌದು ಅಂತ ನನಗೆ ಗೊತ್ತಾಗಿದ್ದು ಅಲ್ಲಿ ಹೋದ ಮೇಲೆ.

ನಮ್ಮ ಬನ್ನೇರುಘಟ್ಟವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಕುಣಿಸುವವರ ಕೈಯಿಂದ ಬಿಡಿಸಿದ ಕರಡಿಗಳಿಗೆ ಅಲ್ಲಿ ಆಸರೆ ಸಿಕ್ಕಿದೆ, ಅದು ದೊಡ್ಡ ಕೆಲಸ. ಬದಲಾಗಬೇಕಿರುವುದು ನೋಡೋಕೆ ಹೋಗುವ ನಾವು. ಜಿರಾಫೆ ನೋಡಿದ್ದಾಯ್ತು, ಇನ್ನೇನು ಹೊಸದು ಬಂತು ಅಂತ ಕೇಳುತ್ತೇವೆ. ನಮ್ಮದೇ ಕಾಡುಪಾಪದ ಬಗ್ಗೆ ಎಷ್ಟು ಜನ ಕೇಳುತ್ತೇವೆ ಹೇಳಿ?

ಕಾಡುಪಾಪ ಈಗಲೂ ಬೆಂಗಳೂರಲ್ಲಿದೆ. ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳಲ್ಲಿ ರಾತ್ರಿ ಹೊತ್ತು ಓಡಾಡುತ್ತದೆ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಅದಕ್ಕೆ ಹಾರೋಕೆ ಬರಲ್ಲ. ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ಮೆಲ್ಲಗೆ ದಾಟಬೇಕು. ಮಧ್ಯೆ ಒಂದು ಮರ ಕಡಿದರೆ ಅದರ ದಾರಿಯೇ ಮುಗಿಯಿತು. ಅತ್ತ ಹಿಮಾಲಯದಲ್ಲೂ ಇದೇ ಕಥೆ: ರಸ್ತೆ, ಮೇಯಿಸೋ ಜಾಗ ಅಂತ ಬಿದಿರಿನ ಕಾಡು ತುಂಡು ತುಂಡಾಗಿ, 2015ರಿಂದ ಕೆಂಪು ಪಾಂಡಾ ಅಳಿವಿನಂಚಿನ ಪಟ್ಟಿಯಲ್ಲಿದೆ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳು ಬಾಲ್ಕನಿಗೆ ಹೋಗಿ ನಮ್ಮ ಬೀದಿಯ ಮರಗಳನ್ನು ನೋಡಿದಳು. ಹೊಂಗೆಯ ಕೊಂಬೆ ಎದುರಿನ ಮರವನ್ನು ಮುಟ್ಟುತ್ತಿತ್ತು. ಅದರಾಚೆ, ಹೋದ ವರ್ಷ ಕಡಿದ ಮಳೆಮರದ ಜಾಗ ಖಾಲಿ. "ಇಲ್ಲಿ ದಾಟೋಕಾಗಲ್ಲ ಮಾಮಾ" ಅಂದಳು. ಡಿಸೆಂಬರ್ ರಜೆಗೆ ಡಾರ್ಜಿಲಿಂಗ್‌ಗೆ ಬರುತ್ತಾಳೆ. ದಪ್ಪ ಸ್ವೆಟರ್ ತರೋಕೆ ಹೇಳಿದ್ದೇನೆ.