ಟಿಕೆಟ್ಟಿನಲ್ಲಿ ಉಳಿದ ಬೌರಿಂಗ್

ಬಂಗಾರಪೇಟೆಗೆ ಆ ಹೆಸರು ಯಾಕೆ ಬಂತು ಅಂತ ಕೇಳಿ ನೋಡಿ. "ಪಕ್ಕದಲ್ಲೇ ಚಿನ್ನದ ಗಣಿ ಇತ್ತಲ್ಲ, ಅದಕ್ಕೇ" ಅಂತಾರೆ. ಕೋಲಾರದವನಾದ ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ನಮ್ಮಜ್ಜಿ ಮಾತ್ರ ಬೌರಿಂಗ್‌ಪೇಟೆ ಅಂತಿದ್ದರು. ಅಜ್ಜಿಗೆ ಬಾಯಿ ತಿರುಗಲ್ಲ ಅಂದುಕೊಂಡಿದ್ದೆ. ಒಂದು ದಿನ ಟಿಕೆಟ್ ಬುಕ್ ಮಾಡುವಾಗ ಸ್ಟೇಷನ್ ಕೋಡ್ ಕಣ್ಣಿಗೆ ಬಿತ್ತು: ಬಿಡಬ್ಲ್ಯುಟಿ. ಬಂಗಾರಪೇಟೆಯಲ್ಲಿ ಡಬ್ಲ್ಯು ಎಲ್ಲಿಂದ ಬಂತು? ಅಜ್ಜಿ ಹೇಳಿದ್ದೇ ಸರಿ.

ಲೆವಿನ್ ಬೌರಿಂಗ್ 1862ರಿಂದ 1870ರವರೆಗೆ ಬ್ರಿಟಿಷರ ಪರವಾಗಿ ಮೈಸೂರು ಆಳಿದ ಕಮಿಷನರ್. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಹೆಸರೂ ಅವರದೇ. ಅವರ ಕಾಲದಲ್ಲೇ, 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರಿನ ದಂಡು ಸ್ಟೇಷನ್‌ವರೆಗೆ ರೈಲು ಬಂತು. ಮೈಸೂರು ಸೀಮೆ ಕಂಡ ಮೊದಲ ರೈಲು ಅದು. ಆ ಹಳಿಯ ಪಕ್ಕ ಬೆಳೆದ ಊರು ಇದು. ಕೋಲಾರಕ್ಕೆ ಕೋಲಾರಮ್ಮ ಇದ್ದಾಳೆ. ಬೂದಿಕೋಟೆಗೆ ಹೈದರಾಲಿ ಹುಟ್ಟಿದ ಊರು ಅನ್ನುವ ಹೆಮ್ಮೆ ಇದೆ. ಬಂಗಾರಪೇಟೆಗೆ ಸ್ಟೇಷನ್ನೇ ಎಲ್ಲ. (ಪಾನಿಪುರಿ ಮರೆತೆ ಅಂತ ಜಗಳಕ್ಕೆ ಬರಬೇಡಿ. ಆ ನೀರಿನಂಥ ಪಾನಿಯ ಬಗ್ಗೆ ಬೇರೆಯೇ ಬರೀತೀನಿ.)

1894ರಲ್ಲಿ ಇಲ್ಲಿಂದ ಚಿನ್ನದ ಗಣಿಗೆ ಕವಲು ಹಳಿ ಹೋಯಿತು. 1913ರಲ್ಲಿ ಕೋಲಾರಕ್ಕೆ ಇನ್ನೊಂದು. ಆದರೆ ಅದು ಎರಡೂವರೆ ಅಡಿ ಅಗಲದ ಚಿಕ್ಕ ಹಳಿ. ಜೋಲಾರಪೇಟೆ ಕಡೆಯಿಂದ ಬಂದ ಮದ್ರಾಸಿನ ಹಳಿ ಐದೂವರೆ ಅಡಿ. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡಲ್ಲ. ಹಾಗಾಗಿ ಜನ ಇಲ್ಲಿ ಇಳಿಯಲೇಬೇಕು. ಮೂಟೆಗಳನ್ನೂ ಇಳಿಸಿ ಮತ್ತೆ ಹೇರಬೇಕು. ಊರಿಗೆ ಹಮಾಲಿ ಕೆಲಸ, ಟೀ ಅಂಗಡಿ, ಊಟದ ಹೋಟೆಲು ಎಲ್ಲ ಕೊಟ್ಟದ್ದು ಈ ಇಳಿದು ಹತ್ತುವ ತಾಪತ್ರಯವೇ ಅಂತ ನನ್ನ ಲೆಕ್ಕ.

ಆ ಚಿಕ್ಕ ರೈಲಲ್ಲಿ ನಾನೂ ಓಡಾಡಿದ್ದೇನೆ. ಕೋಲಾರದಲ್ಲಿ ಹತ್ತಿದರೆ ಬಂಗಾರಪೇಟೆ ಬರುವಷ್ಟರಲ್ಲಿ ಬುತ್ತಿ ಖಾಲಿ. ಕಿಟಕಿ ಹತ್ತಿರ ಕೂತರೆ ಕಣ್ಣಿಗೆ ಕರಿ. "ಇದಕ್ಕಿಂತ ನಡೆದು ಹೋಗೋದು ವಾಸಿ" ಅಂತ ಅಪ್ಪ ಪ್ರತಿ ಸಲ ಬೈಯುತ್ತಿದ್ದರು, ಪ್ರತಿ ಸಲ ಅದರಲ್ಲೇ ಕರೆದುಕೊಂಡು ಬರುತ್ತಿದ್ದರು. ಪ್ಲಾಟ್‌ಫಾರಂಗೆ ಇಳಿದರೆ ಗಣಿ ಕಡೆಯವರ ತಮಿಳು, ನಮ್ಮ ಕಡೆಯ ತೆಲುಗು, ಕನ್ನಡ, ಎಲ್ಲ ಒಂದೇ ಬೆಂಚಿನ ಮೇಲೆ. ಆಮೇಲೆ ಹಳಿ ಅಗಲವಾಯಿತು, ಕೋಲಾರಕ್ಕೆ ರೈಲ್‌ಬಸ್ಸು ಓಡಿತು. ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗೆ ದೊಡ್ಡ ರೈಲು ಓಡಲು 2013 ಬರಬೇಕಾಯಿತು.

ಗಣಿ 2001ರಲ್ಲಿ ಮುಚ್ಚಿತು. ಚಿನ್ನ ನಿಂತರೂ ರೈಲು ತುಂಬಿಯೇ ಇದೆ. ಗಣಿ ಪಕ್ಕದ ಮಾರಿಕುಪ್ಪಂ ಕಡೆಯಿಂದ ಬೆಳಗ್ಗೆ ಬರುವ ರೈಲು ನೋಡಿ, ಬೆಂಗಳೂರಿಗೆ ದಿನಗೂಲಿಗೆ, ಆಫೀಸಿಗೆ ಹೋಗುವವರೇ ಎಲ್ಲ. ಬಾಗಿಲಲ್ಲಿ ನಿಂತು ಹೋಗೋರೂ ಕಮ್ಮಿ ಇಲ್ಲ.

ಬೌರಿಂಗ್ ಹೆಸರು ವಾಪಸ್ ಇಡಿ ಅಂತ ನಾನು ಹೇಳ್ತಿಲ್ಲ. ನಾಲಿಗೆಗೆ ಒಗ್ಗದ ಸಾಹೇಬರನ್ನು ನಮ್ಮ ಜನ ಬಂಗಾರ ಮಾಡಿಕೊಂಡರಲ್ಲ, ಅದು ನನಗೆ ಜಾಸ್ತಿ ಇಷ್ಟ. ಆದರೆ ಸ್ಟೇಷನ್ನಿಗೆ ಹೊಸ ಟೈಲ್ಸ್, ಹೊಸ ಬಣ್ಣ ಅಂತ ದುಡ್ಡು ಸುರಿಯುವವರು ಪ್ಲಾಟ್‌ಫಾರಂ ಮೇಲೆ ಒಂದು ಬೋರ್ಡಿಗೂ ಜಾಗ ಮಾಡಲಿ. ಎರಡೂವರೆ ಅಡಿ, ಐದೂವರೆ ಅಡಿ ಹಳಿಯ ತುಂಡುಗಳನ್ನು ಅಕ್ಕಪಕ್ಕ ಇಟ್ಟರೂ ಸಾಕು. ರೈಲು ಲೇಟಾದಾಗ ಮಕ್ಕಳು ಹೆಜ್ಜೆ ಹಾಕಿ ಅಳೆಯುತ್ತವೆ.